ಗೋತ್ರ ಬೇರೆ, ಜೀನು ಒಂದೇ

ನಾರಾಯಣಪೇಟೆ, ಮಕ್ತಲ್, ಗದ್ವಾಲದ ಪೇಟೆ ಬೀದಿಗಳಲ್ಲಿ ಕನ್ನಡ, ತೆಲುಗು ಎರಡರಲ್ಲೂ ವ್ಯಾಪಾರ ಮಾಡುವ ಆರ್ಯವೈಶ್ಯರಿದ್ದಾರೆ. ನಮ್ಮ ಬಾಯಲ್ಲಿ ಶೆಟ್ಟರು. ಸಂಬಂಧ ಕೂಡಿಸುವಾಗ ಗೋತ್ರ ಕೇಳದೆ ಮಾತು ಮುಂದಕ್ಕೆ ಹೋಗುವುದಿಲ್ಲ. ಗೋತ್ರ ಬೇರೆಯಾದರೆ ರಕ್ತವೂ ಬೇರೆ ಎಂಬ ನೆಮ್ಮದಿ.

ಈಗ ಆಪರೇಷನ್ ಕೋಣೆಗೆ ಬನ್ನಿ. ಉಸಿರಿನ ಕೊಳವೆ ಇಳಿಸುವ ಮುಂಚೆ ಸ್ನಾಯು ಸಡಿಲಾಗಲೆಂದು ಸಕ್ಸಮೆಥೋನಿಯಂ ಎಂಬ ಮದ್ದು ಕೊಡುವುದುಂಟು. ರಕ್ತದಲ್ಲಿರುವ ಬ್ಯುಟೈರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ (ಹೆಸರು ಹೇಳಿ ಮುಗಿಸುವುದೇ ಕಷ್ಟ) ಅದನ್ನು ಬೇಗನೆ ಒಡೆಯುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಮದ್ದಿನ ಪ್ರಭಾವ ಇಳಿಯುತ್ತದೆ. ಕಿಣ್ವವೇ ಇಲ್ಲದವರಿಗೆ ಮಾತ್ರ ಗಂಟೆಗಟ್ಟಲೆ ಉಸಿರಾಡಲಾಗುವುದಿಲ್ಲ, ವೆಂಟಿಲೇಟರ್ ಬೇಕು. ಅಲ್ಲಿಯವರೆಗೆ ಅವರು ಗಟ್ಟಿಮುಟ್ಟಾಗಿಯೇ ಇದ್ದವರು.

ಈ ಆರ್ಯವೈಶ್ಯರಲ್ಲಿ ಕೆಲವರಿಗೆ ಆ ಕಿಣ್ವದ ಕೊರತೆಯಿದೆ. ಕಾರಣ 2006ರಲ್ಲಿ ಪ್ರಕಟವಾಯಿತು: ಮೂರನೆಯ ವರ್ಣತಂತುವಿನಲ್ಲಿರುವ ಈ ಕಿಣ್ವದ ಜೀನಿನಲ್ಲಿ ಒಂದಕ್ಷರ ತಪ್ಪಿ, ಕಿಣ್ವದ 574 ಅಮೈನೋ ಆಮ್ಲಗಳ ಸರದಲ್ಲಿ 307ನೆಯದು ಲ್ಯೂಸಿನ್ ಬದಲು ಪ್ರೋಲಿನ್ ಆಗಿದೆ. ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ ಇನ್ನೊಂದು ನಿಭಾಯಿಸುತ್ತದೆ. ಹೀಗೆ ಒಂದೊಂದು ಕೆಟ್ಟ ಪ್ರತಿ ಇಟ್ಟುಕೊಂಡ ಇಬ್ಬರು ಮದುವೆಯಾದರೆ, ಪ್ರತಿ ಮಗುವಿಗೂ ಎರಡೂ ಕೆಟ್ಟವೇ ಬರುವ ಸಂಭವ 4ರಲ್ಲಿ 1.

ಗೋತ್ರ ನೋಡಿಯೂ ಇದು ತಪ್ಪಲಿಲ್ಲ ಏಕೆ? ಗೋತ್ರ ತಂದೆಯ ಸಾಲಿನ ಲೆಕ್ಕ. ಆ ಖಾತೆಯಲ್ಲಿ ತಾಯಿಯ ಪುಟವಿಲ್ಲ. ಮೂರನೆಯ ವರ್ಣತಂತುವಾದರೋ ಇಬ್ಬರಿಂದಲೂ ಬರುತ್ತದೆ. ಇನ್ನೊಂದು ಕಾರಣ ಬಲು ಹಳೆಯದು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ತಂಗರಾಜ್, ಲಾಲ್‌ಜಿ ಸಿಂಗ್ ಅವರು ಹಾರ್ವರ್ಡ್‌ನ ಡೇವಿಡ್ ರೈಕ್ ಜೊತೆ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವೈಶ್ಯರು 100ಕ್ಕೂ ಹೆಚ್ಚು ತಲೆಮಾರುಗಳ ಹಿಂದಿನ ಒಂದು ಸಣ್ಣ ಗುಂಪಿನಿಂದ ಬೆಳೆದವರು. ಆಮೇಲೆ ಹೊರಗಿನವರೊಂದಿಗೆ ಬೆರೆತದ್ದು ತೀರಾ ಕಡಿಮೆ. ಅವರ ಕುಲದೇವತೆಯ ಕತೆಯಾದ ವಾಸವಿ ಪುರಾಣವೂ 714 ಗೋತ್ರಗಳಲ್ಲಿ 102 ಉಳಿದ ಕತೆ ಹೇಳುತ್ತದೆ. ಎರಡನ್ನೂ ಗಂಟು ಹಾಕಲು ಪುರಾವೆಯಿಲ್ಲ, ಆದರೂ ಕುತೂಹಲ ಬಿಡದು.

ಇದು ಶೆಟ್ಟರ ಪಾಡು ಮಾತ್ರವಲ್ಲ. ತಮ್ಮೊಳಗೇ ಮದುವೆಯಾಗುವ ಎಷ್ಟೋ ಜಾತಿಗಳಿಗೆ ಇಂಥದೇ ತಮ್ಮದೊಂದು ಗುಟ್ಟು ಇರಬಹುದು. ಮೇಲಾಗಿ ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ. ಅಂಥ ದಂಪತಿಯ ಮಗುವಿನಲ್ಲಿ ಯಾವುದೇ ಜೀನಿನ ಎರಡೂ ಪ್ರತಿ ಒಬ್ಬರೇ ಹಿರಿಯರಿಂದ ಬಂದಿರುವ ಸಂಭವ 8ರಲ್ಲಿ 1. ಅತ್ತೆಯ ಮಗನಾದರೆ 16ರಲ್ಲಿ 1.

ಈ ಕಿಣ್ವದ ಮಟ್ಟ ತಿಳಿಯಲು ಒಂದು ರಕ್ತಪರೀಕ್ಷೆ ಸಾಕು. ಮನೆಯಲ್ಲಿ ಒಬ್ಬರಿಗೆ ಕೊರತೆ ಕಂಡರೆ ಒಡಹುಟ್ಟಿದವರೂ ಮಾಡಿಸಿಕೊಂಡು, ಅರಿವಳಿಕೆ ಕೊಡುವ ಡಾಕ್ಟರಿಗೆ ಮುಂಚೆಯೇ ಹೇಳಬೇಕು. ಅವರು ರೋಕ್ಯುರೋನಿಯಂನಂಥ ಬೇರೆ ಮದ್ದು ಬಳಸುತ್ತಾರೆ. ಅದನ್ನು ಕರಗಿಸಲು ಈ ಕಿಣ್ವ ಬೇಕಿಲ್ಲ.