ಪ್ಲೈವುಡ್ ಒಪ್ಪಿದಷ್ಟೇ ಬಾಗು

ಶೇಂಗಾ ಮಾರುವವರು ಕಾಗದ ಸುತ್ತಿ ಪೊಟ್ಟಣ ಮಾಡುತ್ತಾರೆ. ಗಾಳಿಗೆ ಹಾರಾಡುತ್ತಿದ್ದ ಹಾಳೆ ಸುತ್ತಿದೊಡನೆ ಸೆಟೆದು ನಿಂತು ಭಾರ ಹೊರುತ್ತದೆ. ಅದೇ ಹಾಳೆಯನ್ನು ತೆಂಗಿನಕಾಯಿಗೆ ಹೊದಿಸಹೋದರೆ ಸುಕ್ಕುಗಟ್ಟುತ್ತದೆ, ಇಲ್ಲವೇ ಹರಿಯುತ್ತದೆ. ಒಂದು ದಿಕ್ಕಿಗೆ ಬಾಗಿದ ಹಾಳೆ ಅದೇ ಜಾಗದಲ್ಲಿ ಇನ್ನೊಂದು ದಿಕ್ಕಿಗೂ ಬಾಗಲು ಒಪ್ಪುವುದಿಲ್ಲ. ಪ್ಲೈವುಡ್ಡಿನ ಸ್ವಭಾವವೂ ಇದೇ. ಆ ಹಟವನ್ನು ದೋಷವೆಂದು ಬಗೆಯದೆ ನಿಯಮವೆಂದು ಒಪ್ಪಿಕೊಂಡಿದ್ದರಿಂದಲೇ ದೋಣಿ ಕಟ್ಟುವ ವಿದ್ಯೆ ಮನೆಯ ಹಿತ್ತಲಿಗೂ ಬಂತು. ಅದು ಹೇಗೆಂದು ತಿಳಿಯಲು ನೆದರ್ಲೆಂಡ್ಸ್‌ನ ಝಾನ್‌ಡಾಮ್ ಊರಿಗಿಂತ ಒಳ್ಳೆಯ ಜಾಗ ಕಡಿಮೆ.

ಆಮ್‌ಸ್ಟರ್‌ಡಾಮಿಗೆ ಹತ್ತಿರದ ಝಾನ್ ನದಿಯ ಸೀಮೆ ಮೊದಲಿನಿಂದಲೂ ಮರಗೆಲಸದ್ದು. 1593ರಲ್ಲಿ ಕಾರ್ನೆಲಿಸ್ ಕಾರ್ನೆಲಿಸ್‌ಝೋನ್ ಗಾಳಿಯ ಬಲದಿಂದ ಓಡುವ ಗರಗಸದ ಗಿರಣಿಗೆ ಹಕ್ಕುಪತ್ರ ಪಡೆದ ಮೇಲೆ ದಿಮ್ಮಿ ಸೀಳುವ ಕೆಲಸ ಚುರುಕಾಯಿತು, ಹಡಗುಕಟ್ಟೆಗಳು ಬೆಳೆದವು. 1697ರಲ್ಲಿ ರಷ್ಯದ ದೊರೆ ಪೀಟರ್ ಹಡಗಿನ ಕಸುಬು ಕಲಿಯಲು ಬಂದದ್ದೂ ಝಾನ್‌ಡಾಮಿಗೇ. ಇದೇ ಊರಿನಲ್ಲಿ ಮರದ ಉದ್ಯಮಿ ಕಾರ್ನೆಲಿಸ್ ಬ್ರಾಯ್ನ್‌ಝೇಲ್ ನೀರಿಗೆ ಬಿಟ್ಟುಕೊಳ್ಳದ ಪ್ಲೈವುಡ್ ತಯಾರಿಸಿ, ಅದಕ್ಕೆ ಹೊಂದುವ ದೋಣಿಯ ನಕ್ಷೆಯನ್ನು ಎರಿಕಸ್ ಫಾನ್ ಡೆ ಸ್ಟಾಟ್ ಅವರಿಂದ ಬರೆಸಿದರು. 1939ರಲ್ಲಿ ಹುಟ್ಟಿದ ಆ 6.5 ಮೀಟರ್ ಉದ್ದದ ಹಾಯಿದೋಣಿಯ ಹೆಸರು ‘ಫಾಲ್ಕ್’, ಎಂದರೆ ಡೇಗೆ. ಅದರ ಒಡಲು ದುಂಡಗಿಲ್ಲ. ತಳವೂ ಬದಿಯೂ ಕೂಡುವಲ್ಲಿ ಚೂಪಾದ ಏಣು ಎದ್ದು ಕಾಣುತ್ತದೆ. ಡಚ್ಚರು ಇಂಥ ಒಡಲನ್ನು ‘ಕ್ನಿಕ್‌ಸ್ಪಾಂಟ್’ ಎನ್ನುತ್ತಾರೆ, ಮಡಿಸಿದ ಪಕ್ಕೆಲುಬು ಎಂಬ ಅರ್ಥದಲ್ಲಿ. ಇದೇ ಜೋಡಿ 1949ರಲ್ಲಿ ಪ್ಲೈವುಡ್ಡಿನಲ್ಲೇ ಕಡಲಿಗಿಳಿಯುವ ‘ಝೇಫಾಲ್ಕ್’ ನೌಕೆಯನ್ನು ರೂಪಿಸಿತು. 1951ರಲ್ಲಿ ಅದು ಇಂಗ್ಲೆಂಡಿನ ಕಠಿಣವಾದ ಫಾಸ್ಟ್‌ನೆಟ್ ಪಂದ್ಯದಲ್ಲಿ ಓಡಿತು. ಪ್ಲೈವುಡ್ ಕೆರೆಯ ಆಟಿಕೆಗಷ್ಟೇ ಸರಿ ಎಂಬ ಮಾತಿಗೆ ಅದೇ ಉತ್ತರ.

ಈ ಬದಲಾವಣೆಯ ಗುಟ್ಟು ಮರದ ಪದರಗಳಲ್ಲಿದೆ. ತೆಳುವಾದ ಪದರಗಳನ್ನು ಮೂರು, ಐದು, ಏಳು ಎಂದು ಬೆಸ ಸಂಖ್ಯೆಯಲ್ಲಿ, ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಅಂಟಿಸುತ್ತಾರೆ. ಹೀಗಾಗಿ ಹಲಗೆ ನೀರುಂಡು ಉಬ್ಬುವುದೂ ಒಣಗಿ ಸೀಳುವುದೂ ತೀರ ಕಡಿಮೆ. ನಮ್ಮಲ್ಲಿ ಅಡುಗೆಮನೆಯ ಸಿಂಕಿನ ಕೆಳಗೆ ಬಡಗಿಗಳು ಹಾಕುವ ಐ.ಎಸ್. 710 ಮುದ್ರೆಯ ಮರೈನ್ ಪ್ಲೈ ಇದೇ ಕುಲದ್ದು. ಮನೆಯಲ್ಲಿ ಕಟ್ಟುವವರು ನಕ್ಷೆಯ ಅಳತೆಯನ್ನು ಎಂಟಡಿ–ನಾಲ್ಕಡಿ ಶೀಟಿನ ಮೇಲೆ ಬರೆದು ಕೊಯ್ಯುತ್ತಾರೆ. ಅಂಚಿನುದ್ದಕ್ಕೂ ಸಣ್ಣ ತೂತು ಕೊರೆದು, ತಾಮ್ರದ ತಂತಿಯಿಂದ ತುಂಡುಗಳನ್ನು ಹೊಲಿಯುತ್ತಾರೆ. ಹೊಲಿಗೆ ಬಿಗಿದಂತೆಲ್ಲ ಚಪ್ಪಟೆ ತುಂಡುಗಳು ಬಾಗಿ ದೋಣಿಯ ಆಕಾರ ತಾಳುತ್ತವೆ. ಆಮೇಲೆ ಒಳಮೂಲೆಗೆ ಎಪಾಕ್ಸಿ ಅಂಟಿನ ಗಾರೆ ತುಂಬಿ, ಗಾಜಿನೆಳೆಯ ಪಟ್ಟಿ ಹಾಸುತ್ತಾರೆ. 1960ರ ದಶಕದಲ್ಲಿ ಬ್ರಿಟನ್ನಿನ ‘ಮಿರರ್’ ದೋಣಿ ಈ ವಿಧಾನವನ್ನು ಮನೆಮಾತಾಗಿಸಿತು. ನಮ್ಮ ಪಡುವಣ ಕರಾವಳಿಯಲ್ಲಿ ಹಿಂದೆ ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ದೋಣಿ ಕಟ್ಟುತ್ತಿದ್ದರು. ಅಲ್ಲಿ ದೋಣಿಯ ಬಲವೆಲ್ಲ ಹೊಲಿಗೆಯದೇ. ಇಲ್ಲಿ ತಂತಿ ದರ್ಜಿಯ ಕಚ್ಚಾ ಹೊಲಿಗೆಯಂತೆ, ಅಂಟು ಗಟ್ಟಿಯಾಗುವ ತನಕ ಹಿಡಿದಿಟ್ಟರೆ ಸಾಕು.

ಇದು ಕಸುಬಲ್ಲ, ಕಸುಬಿನ ಕೊಲೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಳೆಯ ಕುಶಲಿ ಒಂದೊಂದು ಹಲಗೆಯನ್ನೂ ಹಬೆಯಲ್ಲಿ ಬೇಯಿಸಿ ಬಗ್ಗಿಸಿ, ಪಕ್ಕದ ಹಲಗೆಗೆ ಕೂಡುವಂತೆ ಹೆರೆಯುತ್ತಿದ್ದ. ಆ ಕೈಗುಣಕ್ಕೆ ವರ್ಷಗಟ್ಟಲೆ ಗುರುಸೇವೆ ಬೇಕಿತ್ತು. ಪ್ಲೈವುಡ್ ಅದನ್ನು ಅಳಿಸಲಿಲ್ಲ, ಅದರ ಬಹುಭಾಗವನ್ನು ನಕ್ಷೆಗೆ ಸಾಗಿಸಿತು. ಯಾವ ಅಂಚು ಎಷ್ಟು ಬಾಗಿದರೆ ಶೀಟು ಸೀಳದೆ ಕೂಡುತ್ತದೆಂಬ ಲೆಕ್ಕವನ್ನು ಫಾನ್ ಡೆ ಸ್ಟಾಟ್ ಅವರಂಥವರು ಒಮ್ಮೆ ಮಾಡಿಟ್ಟರೆ ಸಾವಿರ ಜನ ಬಳಸಬಹುದು. ಕಟ್ಟುವವರ ಪಾಲಿಗೆ ಉಳಿದದ್ದೂ ಸಣ್ಣದಲ್ಲ. ಎಡಬಲ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು. ಒಡಲು ತಿರುಚಿಕೊಂಡರೆ ದೋಣಿ ಜೀವನವಿಡೀ ಒಂದು ಪಕ್ಕಕ್ಕೆ ಎಳೆಯುತ್ತದೆ. ಪ್ಲೈವುಡ್ ಬೇಗ ಕೊಳೆಯುತ್ತದೆ ಎಂಬ ದೂರಿಗೂ ಇಲ್ಲೇ ಉತ್ತರವಿದೆ. ನೀರು ಮುಖ್ಯವಾಗಿ ನುಗ್ಗುವುದು ಕೊಯ್ದ ಅಂಚಿನಲ್ಲಿ, ತಿರುಪು ಕೊರೆದ ತೂತಿನಲ್ಲಿ. ಅವನ್ನು ಅಂಟು ಕುಡಿಸಿ ಮುಚ್ಚುವ ತಾಳ್ಮೆಯೇ ದೋಣಿಯ ಆಯುಸ್ಸು.

ಇನ್ನೂ ಬಲವಾದ ಆಕ್ಷೇಪ ಪ್ಲಾಸ್ಟಿಕ್ಕಿನದು. ನೆದರ್ಲೆಂಡ್ಸ್‌ನ ಫ್ರೀಸ್‌ಲಾಂಡ್ ಪ್ರಾಂತ್ಯದ ಸರೋವರಗಳ ಹಾಯಿಶಾಲೆಗಳಲ್ಲಿ ಇಂದು ಎಲ್ಲೆಡೆ ಕಾಣುವುದು ಪಾಲಿಯೆಸ್ಟರಿನ ‘ಪೊಲಿಫಾಲ್ಕ್’. ದಿನವಿಡೀ ಕಲಿಯುವವರ ಕೈಯಲ್ಲಿ ಏಟು ತಿನ್ನುವ ದೋಣಿಗೆ ಅದು ಸರಿಯಾದ ವಸ್ತುವೇ. ಆದರೆ ಅಚ್ಚಿನ ಖರ್ಚು ಗಿಟ್ಟುವುದು ಅದರಿಂದ ಹಲವಾರು ದೋಣಿ ಎರಕಗೊಂಡಾಗ. ಒಂದೇ ದೋಣಿ ಬೇಕಾದವರಿಗೆ ಶೀಟೇ ಹಿತ. ಅಲ್ಲದೆ ಯಾವ ಆಕಾರಕ್ಕೂ ಬಗ್ಗುವ ಪಾಲಿಯೆಸ್ಟರ್ ಕೂಡ ಇಲ್ಲಿ ಆ ಏಣನ್ನು ಉಳಿಸಿಕೊಂಡಿದೆ. ಶೀಟಿನ ಹಟದಿಂದ ಹುಟ್ಟಿದ ರೂಪ ತನ್ನ ಬಲದಿಂದಲೇ ಬಾಳಿತು.

ಕೊನೆಯದು ಸುರಕ್ಷತೆಯ ಪ್ರಶ್ನೆ: ಕಲಿಯದವರು ಕಟ್ಟಿದ್ದನ್ನು ನಂಬುವುದು ಹೇಗೆ? ಯುರೋಪಿನ ಒಕ್ಕೂಟದ 2013ರ ನಿರ್ದೇಶನ, ವಿಹಾರದೋಣಿ ಮಾರುವವರ ಮೇಲೆ ಕಟ್ಟುನಿಟ್ಟಿನ ಷರತ್ತು ಹೇರುತ್ತದೆ. ಸ್ವಂತ ಬಳಕೆಗೆ ಕಟ್ಟಿದವರಿಗೆ ವಿನಾಯಿತಿ ಉಂಟು, ಆದರೆ ನೀರಿಗಿಳಿಸಿದ ಮೇಲೆ 5 ವರ್ಷ ಆ ದೋಣಿಯನ್ನು ಮಾರಬಾರದು. ಈ ಅವಧಿಯ ಹಿಂದಿನ ವಿವೇಕ ನನಗೆ ಮೆಚ್ಚು. ಅಂಚಿಗೆ ಅಂಟು ಕುಡಿಸುವಾಗ ಯಾರೂ ನೋಡುತ್ತಿರುವುದಿಲ್ಲ. ಆದರೆ ಐದು ಮಳೆಗಾಲ ಅದೇ ದೋಣಿಯಲ್ಲಿ ತಾನೂ ತನ್ನ ಮಕ್ಕಳೂ ಕೂರಬೇಕೆಂದು ತಿಳಿದವರ ಕೈ ಆ ಅಂಚನ್ನು ಮರೆಯುವುದು ಕಷ್ಟ.