ಕೈರೋದ ಪ್ರಾರ್ಥನಾಮಂದಿರದಲ್ಲಿ ಮಂಗಳೂರಿನ ಕಾಗದಗಳು

ಹೆರೋದನ ಕತ್ತಿಗೆ ಅಂಜಿ ಪವಿತ್ರ ಕುಟುಂಬವು ಈಜಿಪ್ಟಿಗೆ ಪಲಾಯನಗೈದ ವೃತ್ತಾಂತವನ್ನು ಅರಿಯದ ಕ್ರೈಸ್ತ ಮನೆ ಇರಲಾರದು. ಆ ಕುಟುಂಬ ಆಶ್ರಯ ಪಡೆದ ಸ್ಥಳವೆಂದು ನಂಬಲಾಗುವ ಅಬು ಸರ್ಗಾ ದೇವಾಲಯವು ಹಳೆಯ ಕೈರೋದಲ್ಲಿದೆ. ಅದರ ಸಮೀಪದಲ್ಲಿಯೇ ಬೆನ್ ಎಜ್ರಾ ಎಂಬ ಯೆಹೂದ್ಯರ ಪ್ರಾರ್ಥನಾಮಂದಿರವೂ ಇದೆ. ಸುಮಾರು ಒಂಬತ್ತು ಶತಮಾನಗಳ ಹಿಂದೆ ಮಂಗಳೂರಿನಲ್ಲಿ ಬಾಳಿದ ಒಂದು ಕುಟುಂಬದ ಚರಿತ್ರೆ ಉಳಿದುಬಂದದ್ದು ಈ ಮಂದಿರದಿಂದ.

ಯೆರೂಸಲೇಮಿನ ಪವಿತ್ರ ಸಮಾಧಿಯ ದೇವಾಲಯವನ್ನು 1009ರಲ್ಲಿ ಕೆಡವಿಸಿದ ಖಲೀಫ ಅಲ್‌ಹಾಕಿಮನ ಕಾಲದಲ್ಲೇ ಈ ಮಂದಿರವೂ ನೆಲಸಮವಾಯಿತು. ಕೆಲವು ದಶಕಗಳಲ್ಲಿ ಯೆಹೂದ್ಯರು ಅದನ್ನು ಪುನಃ ಕಟ್ಟಿದರು. ಸ್ತ್ರೀಯರು ಕುಳಿತುಕೊಳ್ಳುತ್ತಿದ್ದ ಮೇಲಂತಸ್ತಿನ ತುದಿಯಲ್ಲಿ ಬಾಗಿಲಿಲ್ಲದ ಒಂದು ಕೋಣೆ. ಗೋಡೆಯ ಕಂಡಿಗೆ ಏಣಿ ಹಾಕಿಯೇ ಅದರೊಳಗೆ ಇಣುಕಬೇಕು. ದೇವರ ನಾಮ ಬರೆದ ಹಾಳೆಯನ್ನು ಕಸಕ್ಕೆ ಎಸೆಯಲಾಗದು ಎಂಬುದು ಯೆಹೂದ್ಯರ ನಿಯಮ. ಗರಿಗಳ ಭಾನುವಾರದ ಆಶೀರ್ವದಿತ ಗರಿಯನ್ನು ನಾವು ಎಸೆಯದೆ ಸುಟ್ಟು ವಿಭೂತಿಗೆ ಬಳಸುತ್ತೇವಲ್ಲವೇ, ಅದೇ ಭಾವ. ಆದರೆ ಅವರು ಹೀಬ್ರೂ ಲಿಪಿಯಲ್ಲಿದ್ದ ಲೆಕ್ಕಪತ್ರ, ವ್ಯಾಪಾರದ ಓಲೆ, ವಿವಾಹಪತ್ರಗಳನ್ನೂ ಆ ಕೋಣೆಗೇ ಹಾಕುತ್ತಾ ಬಂದರು. ಮರುಭೂಮಿಯ ಒಣಹವೆ ಅವುಗಳನ್ನು ಕಾಪಾಡಿತು. ಕೊಡಗಿನ ಆಷಾಢದ ತೇವದಲ್ಲಿ ಜ್ಞಾನಸ್ನಾನದ ಹಳೆಯ ದಾಖಲೆ ಪುಸ್ತಕಗಳನ್ನು ಗೆದ್ದಲಿನಿಂದ ಉಳಿಸಿಕೊಳ್ಳಲು ಹೆಣಗುವ ನಮ್ಮಂಥ ಗುರುಗಳಿಗೆ ಇದು ಅಸೂಯೆಯ ಸಂಗತಿಯೇ ಸರಿ.

1896ರಲ್ಲಿ ಇಬ್ಬರು ಅವಳಿ ಸಹೋದರಿಯರು ತಾವು ಪೂರ್ವದೇಶದಲ್ಲಿ ಕೊಂಡ ಒಂದು ಹಾಳೆಯನ್ನು ಕೇಂಬ್ರಿಜ್‌ನ ವಿದ್ವಾಂಸ ಸಾಲೋಮೊನ್ ಶೆಕ್ಟರ್ ಅವರಿಗೆ ತೋರಿಸಿದರು. ಅದು ನಮ್ಮ ಬೈಬಲಿನ ಸಿರಾಖನ ಗ್ರಂಥದ ಹೀಬ್ರೂ ಮೂಲದ ತುಣುಕು! ಶತಮಾನಗಳಿಂದ ಗ್ರೀಕ್ ಮುಂತಾದ ಭಾಷಾಂತರಗಳಲ್ಲಷ್ಟೇ ಯೂರೋಪು ಬಲ್ಲ ಗ್ರಂಥವದು. ಶೆಕ್ಟರ್ ಕೈರೋಗೆ ಧಾವಿಸಿ, ಧೂಳು ಕುಡಿಯುತ್ತಾ ಆ ಕೋಣೆಯನ್ನು ಬರಿದುಮಾಡಿದರು. ಇಂದು ಕೇಂಬ್ರಿಜ್‌ನಲ್ಲಿ ಅಲ್ಲಿಯ ಸುಮಾರು 1,93,000 ತುಣುಕುಗಳಿವೆ. ಸಂತ ತೋಮಸ್ ಅಕ್ವಿನಾಸರು ‘ರಬ್ಬಿ ಮೋಶೆ’ ಎಂದು ಗೌರವದಿಂದ ಉಲ್ಲೇಖಿಸಿದ ತತ್ತ್ವಜ್ಞಾನಿ ಮೈಮೊನೈಡ್ಸ್ ಅವರ ಸ್ವಹಸ್ತಾಕ್ಷರದ ಹಾಳೆಗಳೂ ಇವುಗಳ ರಾಶಿಯಲ್ಲಿ ದೊರೆತವು.

ತತ್ತ್ವಶಾಸ್ತ್ರ ಓದಿದವನಾದರೂ ನನ್ನ ಮನಸ್ಸು ನಿಲ್ಲುವುದು ವರ್ತಕನೊಬ್ಬನ ಕಾಗದಗಳ ಮೇಲೆ. ಅಬ್ರಹಾಂ ಬೆನ್ ಯಿಜು ಟ್ಯುನೀಷಿಯಾದ ಮಹದಿಯಾ ಪಟ್ಟಣದವನು, ರಬ್ಬಿಯೊಬ್ಬರ ಮಗ. 1132ರ ವೇಳೆಗೆ ಮಂಗಳೂರಿನಲ್ಲಿ ನೆಲೆಸಿದ್ದ. ಆಗ ಅಲ್ಲಿ ಆಳುಪ ಅರಸರ ಆಳ್ವಿಕೆ. ಘಟ್ಟದ ಮೆಣಸು, ಅಡಿಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸಿದ. ಏಡನ್ನಿನ ಗೆಳೆಯರು ಒಡೆದ ಪಾತ್ರೆಗಳನ್ನು ಹಡಗಿನಲ್ಲಿ ಕಳುಹಿಸಿ, ಹೊಸ ಪಾತ್ರೆಗೆ ಇಂತಿಷ್ಟು ತೂಕ, ಇಂಥ ಅಳತೆ ಇರಲೆಂದು ಬರೆಯುತ್ತಿದ್ದರು.

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಬರೆಸಿದ ಪತ್ರವೊಂದು ಉಳಿದಿದೆ. ಅಶು ಎಂಬ ದಾಸಿಯನ್ನು ಬಂಧಮುಕ್ತಗೊಳಿಸಿದ ಪತ್ರವದು. ಯೆಹೂದ್ಯ ಧರ್ಮಕ್ಕೆ ಸೇರಿದ ಆಕೆಗೆ ಬೆರಾಖಾ, ಅಂದರೆ ‘ಆಶೀರ್ವಾದ’, ಎಂಬ ಹೆಸರಾಯಿತು. ಈಕೆಯೇ ಅವನ ಮಡದಿಯೂ ಮಕ್ಕಳ ತಾಯಿಯೂ ಆದಳೆಂದು ವಿದ್ವಾಂಸರ ಅಭಿಪ್ರಾಯ. ಅರಸರ ಹೆಸರು ಶಾಸನದಲ್ಲಿ ಕೊರೆಯಲ್ಪಡುತ್ತದೆ. ದಾಸಿಯ ಹೆಸರು ಉಳಿಯುವುದು ಅಪೂರ್ವ. ಅವನ ವ್ಯವಹಾರಗಳಿಗಾಗಿ ಏಡನ್ನಿಗೆ ಹೋಗಿಬರುತ್ತಿದ್ದ ದಾಸನೊಬ್ಬನ ಹೆಸರೂ ಹೀಗೆಯೇ ಉಳಿಯಿತು. ವರ್ತಕರು ಪತ್ರದಲ್ಲಿ ಅವನಿಗೂ ವಂದನೆ ತಿಳಿಸುತ್ತಿದ್ದರು. ಆ ಹೆಸರು ತುಳುನಾಡಿನ ‘ಬೊಮ್ಮ’ ಇರಬೇಕೆಂದು ಲೇಖಕ ಅಮಿತಾವ್ ಘೋಷ್ 1992ರ ತಮ್ಮ ಕೃತಿಯಲ್ಲಿ ಪ್ರತಿಪಾದಿಸಿದ್ದಾರೆ.

1890ರ ಸುಮಾರಿಗೆ ಹಳೆಯ ಮಂದಿರವನ್ನು ಕೆಡವಿ ಹೊಸದನ್ನು ಕಟ್ಟಲಾಯಿತು. ಜೀರ್ಣೋದ್ಧಾರದ ಬಳಿಕ 2023ರಲ್ಲಿ ಅದನ್ನು ಸಂದರ್ಶಕರಿಗೆ ತೆರೆಯಲಾಗಿದೆ.

ಬೆನ್ ಯಿಜು 1149ರಲ್ಲಿ ಮಕ್ಕಳೊಡನೆ ಏಡನ್ನಿಗೆ ಮರಳಿದ. ಅದರ ಹಿಂದಿನ ವರ್ಷವೇ ಸಿಸಿಲಿಯ ಕ್ರೈಸ್ತ ಅರಸ ರೋಜರನ ಸೈನ್ಯ ಮಹದಿಯಾವನ್ನು ವಶಪಡಿಸಿಕೊಂಡಿತ್ತು, ಒಡಹುಟ್ಟಿದವರು ದಿಕ್ಕುಪಾಲಾಗಿದ್ದರು. ಏಡನ್ನಿನ ಸಿರಿವಂತರು ಮಗಳನ್ನು ಸೊಸೆಯಾಗಿ ಕೇಳಿದರೂ ಒಪ್ಪದೆ, ನಿರಾಶ್ರಿತರಾದ ಒಡಹುಟ್ಟಿದವರ ಗಂಡುಮಕ್ಕಳಲ್ಲೊಬ್ಬನಿಗೇ ಕೊಡುವುದಾಗಿ ಬರೆದ. 1156ರಲ್ಲಿ, ಇದೇ ಮಂದಿರವಿದ್ದ ಪಟ್ಟಣದಲ್ಲಿ, ಆ ವಿವಾಹ ನೆರವೇರಿತು. ವಧುವಿನ ಬಳುವಳಿಯ ಪಟ್ಟಿಯೂ ಆ ಕೋಣೆಯಲ್ಲೇ ಉಳಿದಿತ್ತು.