ನಿಮಗಿದು ಗೊತ್ತೇ? ರೋಲ್ಸ್-ರಾಯ್ಸ್ ಮತ್ತು ಗಿರಣಿಯವನ ಮಗ

ರೋಲ್ಸ್-ರಾಯ್ಸ್ ಎಂದೊಡನೆ ಅರಮನೆ, ಮಹಾರಾಜರು, ಕೋಟಿಗಟ್ಟಲೆ ಬೆಲೆ ಕಣ್ಣಮುಂದೆ ಬರುತ್ತವೆ. ಆ ಹೆಸರಿಗೆ ಬೆಲೆ ತಂದುಕೊಟ್ಟವನು ಮಾತ್ರ ಹೊಟ್ಟೆಪಾಡಿಗೆ ಬೀದಿಯಲ್ಲಿ ಪೇಪರ್ ಮಾರಿದ ಹುಡುಗ. ಅವನಿಂದಲೇ ಶುರುಮಾಡೋಣ.

● ಹೆನ್ರಿ ರಾಯ್ಸ್ ಹುಟ್ಟಿದ್ದು 1863ರಲ್ಲಿ, ಇಂಗ್ಲೆಂಡಿನ ಪೀಟರ್‌ಬರೋ ಊರಿನ ಬಳಿಯ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ಅಪ್ಪ ಹಿಟ್ಟಿನ ಗಿರಣಿ ನಡೆಸಿ ಕೈಸುಟ್ಟುಕೊಂಡವರು. ಮಗನಿಗೆ ಒಂಬತ್ತು ವರ್ಷವಾದಾಗ ಅವರು ತೀರಿಕೊಂಡರು. ಹುಡುಗ ಪತ್ರಿಕೆ ಮಾರಿದ, ಟೆಲಿಗ್ರಾಂ ಹಂಚಿದ, ರೈಲ್ವೆ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಸೇರಿದ. ದುಡ್ಡಿಲ್ಲದೆ ಆ ತರಬೇತಿಯೂ ಅರ್ಧಕ್ಕೇ ನಿಂತಿತು. ಜಗತ್ತಿನ ಅತ್ಯುತ್ತಮ ಕಾರು ಎನಿಸಿಕೊಂಡದ್ದನ್ನು ಕಟ್ಟಿದವರ ಓದು ಇಷ್ಟೇ.

● 1884ರಲ್ಲಿ ಅವರು ಮ್ಯಾಂಚೆಸ್ಟರ್‌ನಲ್ಲಿ ತೆರೆದ ಕಾರ್ಖಾನೆಗೂ ಕಾರಿಗೂ ಸಂಬಂಧವೇ ಇರಲಿಲ್ಲ. ಅಲ್ಲಿ ತಯಾರಾಗುತ್ತಿದ್ದದ್ದು ಬಾಗಿಲಿಗೆ ಹಾಕುವ ವಿದ್ಯುತ್ ಗಂಟೆ, ಡೈನಮೊ, ಆಮೇಲೆ ಕ್ರೇನು.

● ರಾಯ್ಸ್ ಅವರನ್ನು ಕಾರಿನ ಕಡೆಗೆ ತಿರುಗಿಸಿದ್ದು ಒಂದು ಸೆಕೆಂಡ್ ಹ್ಯಾಂಡ್ ಗಾಡಿ. ಫ್ರಾನ್ಸಿನ ಡೆಕಾವಿಲ್ ಕಂಪನಿಯ ಹಳೆಯ ಕಾರೊಂದನ್ನು ಕೊಂಡ ಅವರಿಗೆ ಅದರ ಸದ್ದು, ನಡುಕ, ಕೆಲಸದ ಒರಟುತನ ಯಾವುದೂ ಸರಿಬರಲಿಲ್ಲ. ಬಿಚ್ಚಿ ನೋಡಿದರು, ಕಂಡ ದೋಷಗಳನ್ನೆಲ್ಲ ತಿದ್ದಿ ತಮ್ಮದೇ ಕಾರು ಕಟ್ಟಲು ಕೂತರು. ಎರಡು ಸಿಲಿಂಡರಿನ ಆ ಪುಟ್ಟ ಕಾರು 1904ರ ಏಪ್ರಿಲ್ 1ರಂದು ರಸ್ತೆಗಿಳಿಯಿತು. ಕಾರ್ಖಾನೆಯಿಂದ ನಟ್ಸ್‌ಫರ್ಡ್‌ನ ತಮ್ಮ ಮನೆವರೆಗೆ ರಾಯ್ಸ್ ಅವರೇ ಓಡಿಸಿಕೊಂಡು ಹೋದರು. ಹೊಸದಾಗಿ ಏನನ್ನೋ ಕಂಡುಹಿಡಿದ ಹಮ್ಮು ಅದರಲ್ಲಿರಲಿಲ್ಲ. ಇದ್ದದ್ದನ್ನೇ ತಿದ್ದಿ ತಿದ್ದಿ ಇನ್ನು ತಿದ್ದಲಾಗದು ಎನ್ನುವಲ್ಲಿಗೆ ಒಯ್ಯುವ ಹಟ ಇತ್ತು. ಈ ಕಂಪನಿಯ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಹಟವೇ.

● ಹಾಗಾದರೆ ರೋಲ್ಸ್ ಯಾರು? ಚಾರ್ಲ್ಸ್ ರೋಲ್ಸ್ ಲಾರ್ಡ್ ಲಾಂಗಾಟಕ್ ಎಂಬ ಶ್ರೀಮಂತರ ಮಗ. ಕೇಂಬ್ರಿಜ್‌ನಲ್ಲಿ ಓದಿದವರು, ಲಂಡನ್ನಿನಲ್ಲಿ ವಿದೇಶಿ ಕಾರುಗಳ ಷೋರೂಮು ಇಟ್ಟವರು. ತಾನು ಮಾರುವ ಒಳ್ಳೆಯ ಕಾರುಗಳೆಲ್ಲ ಹೊರದೇಶದವು ಎಂಬ ಕೊರಗು ಅವರಿಗಿತ್ತು. ಹೆನ್ರಿ ಎಡ್ಮಂಡ್ಸ್ ಎಂಬ ಗೆಳೆಯರು 1904ರ ಮೇ 4ರಂದು ಮ್ಯಾಂಚೆಸ್ಟರ್‌ನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಇಬ್ಬರನ್ನೂ ಭೇಟಿ ಮಾಡಿಸಿದರು. ಎರಡು ಸಿಲಿಂಡರಿನ ಕಾರೆಂದರೆ ಮೂಗು ಮುರಿಯುತ್ತಿದ್ದ ರೋಲ್ಸ್, ರಾಯ್ಸ್ ಅವರ ಕಾರಿನಲ್ಲಿ ಕೂತು ಬೆರಗಾದರು. ರಾಯ್ಸ್ ಮಾಡಿದ ಕಾರನ್ನೆಲ್ಲ ತಾನು ಮಾರುತ್ತೇನೆ ಎಂದು ಒಪ್ಪಂದವಾಯಿತು. 1906ರಲ್ಲಿ ರೋಲ್ಸ್-ರಾಯ್ಸ್ ಲಿಮಿಟೆಡ್ ಹುಟ್ಟಿತು.

● ಎರಡು ಹೆಸರುಗಳ ನಡುವಿನ ಅಡ್ಡಗೆರೆಯೂ ಒಬ್ಬ ಮನುಷ್ಯನೇ! ಕಂಪನಿಯ ವ್ಯವಹಾರ, ಪ್ರಚಾರ, ಹಣಕಾಸು ಎಲ್ಲವನ್ನೂ ಹೊತ್ತು ನಡೆಸಿದ ಕ್ಲಾಡ್ ಜಾನ್ಸನ್ ಅವರನ್ನು ‘ರೋಲ್ಸ್-ರಾಯ್ಸ್ ನಡುವಿನ ಅಡ್ಡಗೆರೆ’ ಎಂದೇ ಕರೆಯುತ್ತಿದ್ದರು.

● ‘ಸಿಲ್ವರ್ ಘೋಸ್ಟ್’ ಮೊದಲು ಒಂದೇ ಒಂದು ಕಾರಿನ ಹೆಸರಾಗಿತ್ತು. 1907ರಲ್ಲಿ ಜಾನ್ಸನ್ 40/50 ಎಚ್‌ಪಿ ಮಾದರಿಯ ಒಂದು ಕಾರಿಗೆ ಅಲ್ಯೂಮಿನಿಯಂ ಬಣ್ಣ ಬಳಿಸಿ, ಬೆಳ್ಳಿಯ ಲೇಪ ಕೊಟ್ಟ ದೀಪ, ಹಿಡಿಕೆಗಳನ್ನು ಹಾಕಿಸಿ ಈ ಹೆಸರಿಟ್ಟರು. ಬೆಳ್ಳಿ ಬಣ್ಣದ ಕಾರು ದೆವ್ವದ ಹಾಗೆ ಸದ್ದಿಲ್ಲದೆ ಸುಳಿದುಹೋಗುತ್ತದೆ ಎಂಬ ಅರ್ಥದಲ್ಲಿ. ಆಮೇಲೆ ಜನ ಇಡೀ ಮಾದರಿಯನ್ನೇ ಆ ಹೆಸರಿನಿಂದ ಕರೆದರು.

● ಆ ಕಾರಿಗೆ ಆದ ಪರೀಕ್ಷೆಯ ಕಥೆ ಕೇಳಿ. ಲಂಡನ್ನಿಗೂ ಗ್ಲಾಸ್ಗೋಗೂ ನಡುವೆ ಹಗಲು ರಾತ್ರಿ, ಭಾನುವಾರವೊಂದು ಬಿಟ್ಟು, ಓಡಿದ್ದೇ ಓಡಿದ್ದು. 629ನೇ ಮೈಲಿಯಲ್ಲಿ ಪೆಟ್ರೋಲಿನ ನಲ್ಲಿ ಅಲುಗಾಟಕ್ಕೆ ಮುಚ್ಚಿಕೊಂಡು ಕಾರು ನಿಂತಿತು. ಅಲ್ಲಿಂದ ಮುಂದೆ 14,371 ಮೈಲಿ ಒಂದು ಸಲವೂ ಕೆಟ್ಟು ನಿಲ್ಲಲಿಲ್ಲ. ಒಟ್ಟು 15,000 ಮೈಲಿ, ಅಂದರೆ 24,000 ಕಿಲೋಮೀಟರಿಗೂ ಹೆಚ್ಚು. ಕೊನೆಯಲ್ಲಿ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ತಜ್ಞರು ಕಾರನ್ನು ಪೂರ್ತಿ ಬಿಚ್ಚಿ ಸವೆತ ಅಳೆದರು. ಹೊಸದರಂತೆ ಮಾಡಲು ಬೇಕಾದ ಬಿಡಿಭಾಗಗಳ ಬೆಲೆ 2 ಪೌಂಡ್ 2 ಷಿಲಿಂಗ್ 7 ಪೆನ್ಸ್. ಊರು ದಾಟುವುದರೊಳಗೆ ಕಾರು ಕೈಕೊಡುತ್ತಿದ್ದ ಕಾಲ ಅದು ಎಂಬುದನ್ನು ನೆನೆದರೆ ಈ ಲೆಕ್ಕದ ತೂಕ ತಿಳಿಯುತ್ತದೆ.

● ರೋಲ್ಸ್ ತೀರಿಕೊಂಡದ್ದು ಕಾರಿನಿಂದಲ್ಲ, ವಿಮಾನದಿಂದ. 1910ರ ಜೂನ್‌ನಲ್ಲಿ ಇಂಗ್ಲಿಷ್ ಕಾಲುವೆಯನ್ನು ಎಲ್ಲೂ ಇಳಿಯದೆ ಹೋಗಿ ಬಂದು ಹೆಸರು ಮಾಡಿದ ಅವರು, ಮರುತಿಂಗಳ 12ರಂದು ಬೋರ್ನ್‌ಮತ್‌ನಲ್ಲಿ ವಿಮಾನ ಮುರಿದು ಬಿದ್ದು ಸತ್ತರು. ಆಗ ವಯಸ್ಸು 32. ಎಂಜಿನ್ ವಿಮಾನದ ಅಪಘಾತದಲ್ಲಿ ಜೀವ ಕಳೆದುಕೊಂಡ ಮೊದಲ ಬ್ರಿಟಿಷ್ ಪ್ರಜೆ ಅವರೇ.

● ಬಾನೆಟ್ಟಿನ ತುದಿಯಲ್ಲಿ ಮುಂದಕ್ಕೆ ಬಾಗಿ ನಿಂತ ಹೆಣ್ಣಿನ ಮೂರ್ತಿ ‘ಸ್ಪಿರಿಟ್ ಆಫ್ ಎಕ್ಸ್‌ಟಸಿ’. ಶಿಲ್ಪಿ ಚಾರ್ಲ್ಸ್ ಸೈಕ್ಸ್. ವರ್ಷ 1911. ಕಾರಿನ ಮಾಲೀಕರು ಕೋಳಿ, ಕಪ್ಪೆ, ಬೊಂಬೆ ಅಂತ ಮನಸ್ಸಿಗೆ ಬಂದದ್ದನ್ನೆಲ್ಲ ಮುಂದೆ ಸಿಕ್ಕಿಸಿಕೊಳ್ಳುತ್ತಿದ್ದುದನ್ನು ತಪ್ಪಿಸಲು ಕಂಪನಿ ತಾನೇ ಒಂದು ಮೂರ್ತಿ ಮಾಡಿಸಿತು. ಅದಕ್ಕೆ ರೂಪದರ್ಶಿ ಎಲೆನರ್ ಥಾರ್ನ್‌ಟನ್ ಎಂಬುದು ಬಹುಮಂದಿಯ ನಂಬಿಕೆ. ಆಕೆ ಕಾರುಪ್ರೇಮಿ ಲಾರ್ಡ್ ಮಾಂಟಗು ಅವರ ಕಾರ್ಯದರ್ಶಿ, ಅವರ ಒಲವಿನ ಹೆಣ್ಣೂ ಹೌದು. ಆಕೆಯ ಕೊನೆಯ ಪ್ರಯಾಣ ಭಾರತದ ಕಡೆಗಿತ್ತು. 1915ರ ಡಿಸೆಂಬರ್ 30ರಂದು ಅವರಿಬ್ಬರೂ ಇದ್ದ ‘ಪರ್ಷಿಯಾ’ ಹಡಗನ್ನು ಮೆಡಿಟರೇನಿಯನ್ ಸಮುದ್ರದಲ್ಲಿ ಕ್ರೀಟ್ ಬಳಿ ಜರ್ಮನ್ ಸಬ್‌ಮರೀನ್ ಮುಳುಗಿಸಿತು. ಮಾಂಟಗು ಬದುಕಿದರು. ಎಲೆನರ್ ಉಳಿಯಲಿಲ್ಲ.

● ಈಗ ಆ ಮೂರ್ತಿಗೆ ಯಾರಾದರೂ ಕೈಹಚ್ಚಿದರೆ, ಏನಾದರೂ ಬಡಿದರೆ, ಕಣ್ಣುಮಿಟುಕಿಸುವುದರಲ್ಲಿ ಬಾನೆಟ್ಟಿನೊಳಗೆ ಇಳಿದುಬಿಡುತ್ತದೆ.

● ಬಹಳ ಜನ ನಂಬಿರುವ ಒಂದು ಸುಳ್ಳು: ಕೆಂಪಾಗಿದ್ದ ಆರ್‌ಆರ್ ಲಾಂಛನ ಕಪ್ಪಾದದ್ದು ರಾಯ್ಸ್ ಸತ್ತ ಶೋಕಕ್ಕೆ. ಬಣ್ಣ ಬದಲಾಗತೊಡಗಿದ್ದು ಅವರಿನ್ನೂ ಬದುಕಿದ್ದಾಗಲೇ. ಗಿರಾಕಿಗಳು ಆರಿಸುತ್ತಿದ್ದ ಬಣ್ಣಗಳಿಗೆ ಕೆಂಪು ಒಗ್ಗುತ್ತಿರಲಿಲ್ಲ, ಅಷ್ಟೇ ಕಾರಣ. ರಾಯ್ಸ್ ತೀರಿಕೊಂಡದ್ದು 1933ರ ಏಪ್ರಿಲ್ 22ರಂದು.

● ಗ್ರಿಲ್ಲನ್ನು ಒಮ್ಮೆ ದಿಟ್ಟಿಸಿ ನೋಡಿ. ಗ್ರೀಸಿನ ದೇವಾಲಯದ ಮುಖಮಂಟಪದಂತೆ ಕಾಣುವ ಅದರ ಗೆರೆಗಳು ನೆಟ್ಟಗಿವೆ ಎನಿಸುತ್ತದೆ. ನಿಜದಲ್ಲಿ ಅವು ಒಂದಿಷ್ಟು ಉಬ್ಬಿವೆ. ತೀರ ನೆಟ್ಟಗಿದ್ದರೆ ಕಣ್ಣಿಗೆ ಒಳಬಾಗಿದಂತೆ ತೋರುತ್ತದೆ. ಪಾರ್ಥೆನಾನ್ ಕಟ್ಟಿದ ಗ್ರೀಕರಿಗೆ ಗೊತ್ತಿದ್ದ ಈ ಉಪಾಯವನ್ನು ಕಾರ್ಖಾನೆಯ ಕೆಲಸಗಾರರು ಕಣ್ಣಳತೆಯಲ್ಲೇ ಸಾಧಿಸುತ್ತಿದ್ದರು.

● ದಶಕಗಳ ಕಾಲ ರೋಲ್ಸ್-ರಾಯ್ಸ್ ಪೂರ್ತಿ ಕಾರನ್ನು ಮಾರಲೇ ಇಲ್ಲ! ಕಂಪನಿ ಕೊಡುತ್ತಿದ್ದದ್ದು ಎಂಜಿನ್ನು, ಗಾಲಿ ಸಮೇತ ಷಾಸಿ ಮಾತ್ರ. ಅದನ್ನು ಬಾರ್ಕರ್, ಹೂಪರ್, ಪಾರ್ಕ್ ವಾರ್ಡ್‌ನಂಥ ಬಾಡಿ ಕಟ್ಟುವವರಲ್ಲಿಗೆ ಒಯ್ದು ಬೇಕಾದಂತೆ ಬಾಡಿ ಮಾಡಿಸಿಕೊಳ್ಳುವುದು ಕೊಂಡವರ ಹೊಣೆ. ಕಂಪನಿಯೇ ಬಾಡಿ ಹಾಕಿ ಕೊಟ್ಟ ಮೊದಲ ರೋಲ್ಸ್-ರಾಯ್ಸ್ 1949ರ ಸಿಲ್ವರ್ ಡಾನ್. ಅದಕ್ಕೂ ಹಿಂದಿನ ಕಾರುಗಳಲ್ಲಿ ಒಂದರಂತೆ ಇನ್ನೊಂದಿಲ್ಲದಿರಲು, ಇಂದು ಅವಕ್ಕೆ ಬಂದಿರುವ ಬೆಲೆಗೆ, ಇದೇ ಕಾರಣ.

● ಮೈಸೂರಿಗೂ ಈ ಕಾರಿಗೂ ಹಳೆಯ ನಂಟು. ಮೈಸೂರಿನ ಮಹಾರಾಜರು ಒಂದೊಂದು ಸಲಕ್ಕೆ ಏಳೇಳು ರೋಲ್ಸ್-ರಾಯ್ಸ್‌ಗೆ ಆರ್ಡರ್ ಕೊಡುತ್ತಿದ್ದರಂತೆ. ಅದನ್ನು ನೋಡಿ, ಒಟ್ಟಿಗೆ ಹಲವು ಕಾರು ಕೊಳ್ಳುವವರನ್ನು ಕಂಪನಿಯ ಮಾರಾಟಗಾರರು ‘ಮೈಸೂರು ಮಾಡಿದರು’ ಎನ್ನುತ್ತಿದ್ದರೆಂದು ಈ ಕಾರುಗಳ ಬಗ್ಗೆ ಬರೆದವರು ಹೇಳುತ್ತಾ ಬಂದಿದ್ದಾರೆ.

● ಹೈದರಾಬಾದಿಗೆ ಹೋದವರು ಚೌಮಹಲ್ಲಾ ಅರಮನೆಯನ್ನು ತಪ್ಪಿಸಬೇಡಿ. ನಿಜಾಮರಿಗೆಂದು ಸಿಂಹಾಸನದಂಥ ಆಸನ ಇಟ್ಟು ಕಟ್ಟಿದ ಹಳದಿ ಬಣ್ಣದ ಸಿಲ್ವರ್ ಘೋಸ್ಟ್ ಅಲ್ಲಿದೆ.

● ಷೋರೂಮಿನಲ್ಲಿ ಅವಮಾನವಾಗಿ, ಸಿಟ್ಟಿಗೆ ರೋಲ್ಸ್-ರಾಯ್ಸ್ ಕಾರುಗಳನ್ನೇ ಕಸದ ಗಾಡಿ ಮಾಡಿದ ಮಹಾರಾಜರ ಕಥೆ ನೀವೂ ಕೇಳಿರುತ್ತೀರಿ. ಒಬ್ಬರು ಅಲ್ವರ್ ಎನ್ನುತ್ತಾರೆ, ಇನ್ನೊಬ್ಬರು ಭರತ್‌ಪುರ, ಮತ್ತೊಬ್ಬರು ಹೈದರಾಬಾದ್. ಮೊಬೈಲಿನಲ್ಲಿ ಇದರ ಜೊತೆ ಓಡಾಡುವ ಚಿತ್ರದಲ್ಲಿ ಕಾರಿನ ಮುಂದೆ ಪೊರಕೆ ಕಟ್ಟಿರುವುದು ಹೌದು. ಆದರೆ ರಸ್ತೆಯ ಮೊಳೆ, ಮುಳ್ಳು ಗುಡಿಸಿ ಟೈರು ಉಳಿಸಿಕೊಳ್ಳಲು ಹಾಗೆ ಪೊರಕೆ ಕಟ್ಟುವ ರೂಢಿ ಹಿಂದೆ ಇತ್ತು. ನಾಲಿಗೆಯಿಂದ ನಾಲಿಗೆಗೆ ಊರು ಬದಲಿಸುವ ಕಥೆಯನ್ನು ಇತಿಹಾಸವೆಂದು ಒಪ್ಪಲಾಗದು.

● ಯುದ್ಧಕ್ಕೂ ಹೋದ ಕಾರು ಇದು. ಮೊದಲ ಮಹಾಯುದ್ಧದಲ್ಲಿ ಉಕ್ಕಿನ ಕವಚ ತೊಡಿಸಿದ ಸಿಲ್ವರ್ ಘೋಸ್ಟ್‌ಗಳು ಅರೇಬಿಯಾದ ಮರಳುಗಾಡಿನಲ್ಲಿ ಬ್ರಿಟಿಷ್ ಸೇನಾಧಿಕಾರಿ ಟಿ.ಇ. ಲಾರೆನ್ಸ್ ಅವರ ಜೊತೆ ಓಡಿದವು. ಅತ್ತ ರಷ್ಯಾದಲ್ಲಿ, ಕಾರ್ಮಿಕರ ನಾಯಕ ಲೆನಿನ್ ಬಳಸಿದ್ದೂ ರೋಲ್ಸ್-ರಾಯ್ಸ್. ಹಿಮದಲ್ಲಿ ಹೋಗಲು ಹಿಂದಿನ ಗಾಲಿಯ ಜಾಗಕ್ಕೆ ಪಟ್ಟಿ, ಮುಂದೆ ಜಾರುಹಲಗೆ ಹಾಕಿದ ಆ ಕಾರು ಮಾಸ್ಕೋ ಬಳಿಯ ಗೋರ್ಕಿಯ ಮ್ಯೂಸಿಯಮ್ಮಿನಲ್ಲಿದೆ.

● 1950ರಿಂದ 1956ರವರೆಗೆ ತಯಾರಾದ ಫ್ಯಾಂಟಮ್ 4 ಕಾರುಗಳ ಸಂಖ್ಯೆ ಬರೀ 18. ಮಾರಿದ್ದು ರಾಜಮನೆತನದವರಿಗೆ, ದೇಶದ ಮುಖ್ಯಸ್ಥರಿಗೆ ಮಾತ್ರ. ಮೊದಲನೆಯದು ಆಗಿನ್ನೂ ರಾಜಕುಮಾರಿಯಾಗಿದ್ದ ಎಲಿಜಬೆತ್ ಅವರಿಗೆ.

● ಬೀಟಲ್ಸ್ ತಂಡದ ಜಾನ್ ಲೆನನ್ 1967ರಲ್ಲಿ ತಮ್ಮ ಫ್ಯಾಂಟಮ್ 5 ಕಾರಿಗೆ ಹಳದಿ ಬಳಿಸಿ ಮೈತುಂಬ ಹೂಬಳ್ಳಿ ಬರೆಸಿದರು. ಈಗ ಅದು ಕೆನಡಾದ ವಿಕ್ಟೋರಿಯಾದ ಮ್ಯೂಸಿಯಮ್ಮಿನ ಆಸ್ತಿ.

● ಗಂಟೆಗೆ 60 ಮೈಲಿ ವೇಗದಲ್ಲೂ ಕಾರಿನೊಳಗೆ ಕೇಳುವ ದೊಡ್ಡ ಸದ್ದು ಗಡಿಯಾರದ್ದು ಎಂದು ಸಾರಿದ 1958ರ ಜಾಹೀರಾತು ಇಂದಿಗೂ ಜಾಹೀರಾತಿನ ಪಾಠಗಳಲ್ಲಿ ಬರುತ್ತದೆ. ಅದನ್ನು ಬರೆದ ಡೇವಿಡ್ ಒಗಿಲ್ವಿ ಹೇಳುತ್ತಿದ್ದ ಕಥೆ ಇನ್ನೂ ಸೊಗಸು: ಅದನ್ನು ಓದಿದ ಕಂಪನಿಯ ಎಂಜಿನಿಯರೊಬ್ಬರು ಬೇಸರದಿಂದ ತಲೆಯಾಡಿಸಿ, ಆ ಗಡಿಯಾರಕ್ಕೆ ಏನಾದರೂ ಮಾಡಲೇಬೇಕು ಎಂದರಂತೆ. ರಾಯ್ಸ್ ಅವರ ಗಾಳಿ ಅವರು ಸತ್ತ ಮೇಲೂ ಆ ಕಾರ್ಖಾನೆಯಲ್ಲಿ ಬೀಸುತ್ತಿತ್ತು ಎನ್ನುವುದಕ್ಕೆ ನನಗೆ ಇದಕ್ಕಿಂತ ಸಾಕ್ಷಿ ಬೇಡ.

● ಆ ಮೌನದ ಬೆನ್ನುಹತ್ತುವಿಕೆ 2020ರ ಘೋಸ್ಟ್ ಕಾರಿನಲ್ಲಿ ಅತಿಯಾಯಿತು. ಸದ್ದು ತಡೆಯುವ ಸಾಮಗ್ರಿಯನ್ನೇ ನೂರು ಕಿಲೋಗೂ ಹೆಚ್ಚು ತುಂಬಿದರು. ಒಳಗೆ ಎಷ್ಟು ನಿಶ್ಶಬ್ದವಾಯಿತೆಂದರೆ ಕೂತವರಿಗೆ ಕಸಿವಿಸಿಯಾಯಿತು! ಕೊನೆಗೆ ಎಂಜಿನಿಯರುಗಳೇ ಒಂದು ಮೆಲುದನಿಯನ್ನು ಬೇಕೆಂದೇ ಉಳಿಸಿದರು.

● ವಿಮಾನದ ಎಂಜಿನ್ನನ್ನೂ ಮಾಡುತ್ತಿದ್ದ ಕಂಪನಿ ದಿವಾಳಿ ಎದ್ದದ್ದು ಕಾರಿನಿಂದಲ್ಲ. ಲಾಕ್‌ಹೀಡ್ ಟ್ರೈಸ್ಟಾರ್ ವಿಮಾನಕ್ಕೆಂದು ಮಾಡುತ್ತಿದ್ದ ಆರ್‌ಬಿ211 ಎಂಜಿನಿನ ಖರ್ಚು ಕೈಮೀರಿ, 1971ರ ಫೆಬ್ರವರಿ 4ರಂದು ರೋಲ್ಸ್-ರಾಯ್ಸ್ ಕುಸಿಯಿತು. ಬ್ರಿಟಿಷ್ ಸರ್ಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು. ಕಾರಿನ ವಿಭಾಗ ಬೇರೆ ಕಂಪನಿಯಾಯಿತು. ಮುಳುಗಿಸಿದ ಅದೇ ಎಂಜಿನ್ನು ಮುಂದೆ ವಿಮಾನ ಲೋಕದಲ್ಲಿ ದೊಡ್ಡ ಯಶಸ್ಸು ಕಂಡಿತು.

● ಹಾಗಾಗಿ ಇಂದು ಎರಡು ರೋಲ್ಸ್-ರಾಯ್ಸ್‌ಗಳಿವೆ. ಬೆಂಗಳೂರಿನಲ್ಲಿ ಎಚ್‌ಎಎಲ್ ಜೊತೆಗೂಡಿ ಬಿಡಿಭಾಗ ಮಾಡುವುದು ವಿಮಾನ ಎಂಜಿನಿನ ರೋಲ್ಸ್-ರಾಯ್ಸ್. ಕಾರಿನ ಕಂಪನಿಗೂ ಅದಕ್ಕೂ ಹೆಸರೊಂದೇ ಸಮಾನ.

● ಆ ಹೆಸರಿನಿಂದಲೇ 1998ರಲ್ಲಿ ದೊಡ್ಡ ರಂಪವಾಯಿತು. ಜರ್ಮನಿಯ ಫೋಕ್ಸ್‌ವ್ಯಾಗನ್ 43 ಕೋಟಿ ಪೌಂಡ್ ಸುರಿದು ಕಾರಿನ ಕಂಪನಿಯನ್ನು ಕೊಂಡಿತು. ಕ್ರೂ ಊರಿನ ಕಾರ್ಖಾನೆ ಸಿಕ್ಕಿತು, ಬೆಂಟ್ಲಿ ಸಿಕ್ಕಿತು, ಗ್ರಿಲ್ಲು, ಬಾನೆಟ್ಟಿನ ಮೂರ್ತಿ ಎರಡೂ ಸಿಕ್ಕವು. ಸಿಗದೇ ಹೋದದ್ದು ರೋಲ್ಸ್-ರಾಯ್ಸ್ ಎಂಬ ಹೆಸರು! ಅದರ ಹಕ್ಕು ವಿಮಾನ ಎಂಜಿನಿನ ಕಂಪನಿಯ ಬಳಿ ಇತ್ತು. ಅವರು ಅದನ್ನು ಬರೀ 4 ಕೋಟಿ ಪೌಂಡಿಗೆ ಬಿಎಂಡಬ್ಲ್ಯುಗೆ ಕೊಟ್ಟರು. ಕೊನೆಗೆ ರಾಜಿಯಾಗಿ, ಬೆಂಟ್ಲಿ ಫೋಕ್ಸ್‌ವ್ಯಾಗನ್‌ಗೆ, 2003ರಿಂದ ರೋಲ್ಸ್-ರಾಯ್ಸ್ ಬಿಎಂಡಬ್ಲ್ಯುಗೆ ಎಂದಾಯಿತು. ಬಿಎಂಡಬ್ಲ್ಯು ಗುಡ್‌ವುಡ್‌ನಲ್ಲಿ ಹೊಸ ಕಾರ್ಖಾನೆ ಕಟ್ಟಿತು. ರಾಯ್ಸ್ ತಮ್ಮ ಕೊನೆಯ ವರ್ಷಗಳನ್ನು ಕಳೆದ ವೆಸ್ಟ್ ವಿಟರಿಂಗ್ ಅಲ್ಲಿಂದ ಕೆಲವೇ ಮೈಲಿ.

● ಕಾರಿನ ಪಕ್ಕದಲ್ಲಿ ಉದ್ದಕ್ಕೂ ಎಳೆದ ತೆಳುಗೆರೆಯನ್ನು ಯಂತ್ರ ಬರೆಯುವುದಿಲ್ಲ. ಒಬ್ಬ ಕುಶಲಕರ್ಮಿ ಕುಂಚ ಹಿಡಿದು ಕೈಯಲ್ಲೇ ಎಳೆಯುತ್ತಾನೆ. ಒಳಚಾವಣಿಯ ನಕ್ಷತ್ರಗಳೂ ಹಾಗೆಯೇ: ಸಾವಿರಕ್ಕೂ ಹೆಚ್ಚು ಬೆಳಕಿನ ಎಳೆಗಳನ್ನು ಒಂದೊಂದಾಗಿ ಚರ್ಮದಲ್ಲಿ ಪೋಣಿಸುತ್ತಾರೆ. ಸೀಟಿಗೆ ಹೋರಿಯ ಚರ್ಮವೇ ಆಗಬೇಕು. ಗರ್ಭ ಧರಿಸಿದ ಹಸುವಿನ ಚರ್ಮದಲ್ಲಿ ಹಿಗ್ಗಿದ ಗುರುತು ಉಳಿಯುತ್ತದೆ ಎಂದು.

● ಗಾಲಿ ಎಷ್ಟೇ ತಿರುಗಲಿ, ನಡುವಿನ ಆರ್‌ಆರ್ ಅಕ್ಷರ ಮಾತ್ರ ನೆಟ್ಟಗೇ ನಿಲ್ಲುತ್ತದೆ. ಒಳಗೆ ತೂಕ ಕಟ್ಟಿರುತ್ತಾರೆ. ಬಾಗಿಲಿನೊಳಗೆ ಕೊಡೆ ಇದೆ. ಒದ್ದೆಯಾದರೆ ಅಲ್ಲೇ ಒಣಗುತ್ತದೆ.

● ಎಂಜಿನಿನ ಅಶ್ವಶಕ್ತಿ ಎಷ್ಟು ಎಂದು ಕೇಳಿದರೆ ಕಂಪನಿ ಬಹುಕಾಲ ಕೊಡುತ್ತಿದ್ದ ಉತ್ತರ: ‘ಸಾಕಷ್ಟು’.

● 2023ರಲ್ಲಿ ಇಡೀ ಜಗತ್ತಿಗೆ ಕಂಪನಿ ಮಾರಿದ ಕಾರುಗಳು 6,032. ಅದೇ ವರ್ಷ ಅದರ ಮೊದಲ ವಿದ್ಯುತ್ ಕಾರು ಸ್ಪೆಕ್ಟರ್ ಗಿರಾಕಿಗಳ ಕೈಸೇರಿತು. ವಿದ್ಯುತ್ ಕಾರಿಗೆ ಸದ್ದಿಲ್ಲ, ವಾಸನೆಯಿಲ್ಲ, ಚಾರ್ಜ್ ಮಾಡುವ ಜಾಗಗಳಾದರೆ ಬಹಳ ಉಪಯುಕ್ತ ಎಂದು ಚಾರ್ಲ್ಸ್ ರೋಲ್ಸ್ 1900ರಲ್ಲೇ ಹೇಳಿದ್ದರು.

● ಹಳೆಯ ರೋಲ್ಸ್-ರಾಯ್ಸ್ ಕೊಂಡವರಿಗೆ ಸಿಗುವ ಒಂದು ಸುಖ ಬೇರೆ ಕಾರಿನವರಿಗೆ ಅಷ್ಟು ಸುಲಭವಾಗಿ ಸಿಗದು. 1957ರಲ್ಲಿ ಶುರುವಾದ ಅಭಿಮಾನಿಗಳ ಕ್ಲಬ್ಬಿನ ನೆಲೆ ಇಂಗ್ಲೆಂಡಿನ ಪಾಲರ್ಸ್‌ಪರಿ ಹಳ್ಳಿಯ ಹಂಟ್ ಹೌಸ್. ಹಳೆಯ ಕಾರುಗಳ ಕಾರ್ಖಾನೆ ದಾಖಲೆಗಳು ಅಲ್ಲಿವೆ. ಷಾಸಿ ನಂಬರ್ ಹಿಡಿದು ಹುಡುಕಿದರೆ, ಆ ಕಾರನ್ನು ಮೊದಲು ಕೊಂಡವರು ಯಾರು, ಬಾಡಿ ಕಟ್ಟಿದವರು ಯಾರು, ಏನೇನು ವಿಶೇಷವಾಗಿ ಕೇಳಿ ಮಾಡಿಸಿಕೊಂಡಿದ್ದರು ಎಂಬುದನ್ನು ಅಂದಿನ ಗುಮಾಸ್ತರು ಬರೆದಿಟ್ಟಂತೆಯೇ ಓದಬಹುದು.